ರಾಸಾಯನಿಕ ಕ್ರಿಯಾವೇಗ: ಅದನ್ನು ನಿಯಂತ್ರಿಸುವ ಅಂಶಗಳ ಅನ್ವೇಷಣೆ

ರಾಸಾಯನಿಕ ಕ್ರಿಯೆಯೊಂದರಲ್ಲಿ ಏಕಮಾನ ಕಾಲದೊಳಗೆ ವ್ಯಯವಾಗುವ ಪ್ರತಿವರ್ತಕದ, ಅಥವಾ ಉದ್ಭವಿಸುವ ಉತ್ಪನ್ನದ, ಸಾರತೆಯ ಪರಿಮಾಣಕ್ಕೆ ಆ ಕ್ರಿಯೆಯ ವೇಗವೆಂದು ಹೆಸರು. ಕ್ರಿಯೆಗಳ ವೇಗಗಳಲ್ಲಿ ಕಂಡುಬರುವ ತಾರತಮ್ಯ ಅಪಾರವಾದುದು. ಬೆಳ್ಳಿಯ ನೈಟ್ರೇಟಿನ ದ್ರಾವಣಕ್ಕೆ ಉಪ್ಪುನೀರನ್ನು ಹನಿಸಿದೊಡನೆಯೇ ಒಡೆದ ಹಾಲಿನಂಥ ಬಿಳಿಯ ಒತ್ತರ ಮೂಡುತ್ತದೆ. ಮಳೆಯಲ್ಲಿ ಮರೆತುಬಂದ ಗುದ್ದಲಿಗೆ ತುಕ್ಕು ಹಿಡಿಯಲು ಒಂದೆರಡು ದಿನಗಳಾದರೂ ಬೇಕು. ವಜ್ರವು ಗ್ರಾಫೈಟಾಗಿ ಮಾರ್ಪಡುವುದು ಶಕ್ತಿಯ ಲೆಕ್ಕಾಚಾರಕ್ಕೆ ಅನುಕೂಲವೇ ಆಗಿದ್ದರೂ ಯಾವ ಮೂಗುತಿಯ ಹರಳೂ ಇದುವರೆಗೆ ಬರೆಯುವ ಕಡ್ಡಿಯಾದುದಿಲ್ಲ. ಜಲಜನಕ ಆಮ್ಲಜನಕಗಳ ಮಿಶ್ರಣವನ್ನು ಶುದ್ಧವಾದ ಗಾಜಿನ ಪಾತ್ರೆಯಲ್ಲಿ ಕೊಠಡಿಯ ಉಷ್ಣತೆಯಲ್ಲಿ ಇಟ್ಟರೆ ವರ್ಷಗಳು ಕಳೆದರೂ ಕಣ್ಣಿಗೆ ಕಾಣುವಷ್ಟು ನೀರು ಉಂಟಾಗದು. ಅದೇ ಮಿಶ್ರಣಕ್ಕೆ ಒಂದು ಕಿಡಿ ತಗುಲಿದರೆ ಕ್ಷಣಾರ್ಧದಲ್ಲಿ ಸ್ಫೋಟ. ಕ್ರಿಯೆಯೊಂದು ಸಾಧ್ಯವೇ ಅಲ್ಲವೇ ಎಂಬ ಪ್ರಶ್ನೆ ಬೇರೆ, ಅದು ಎಷ್ಟು ಹೊತ್ತಿನಲ್ಲಿ ನಡೆದೀತು ಎಂಬ ಪ್ರಶ್ನೆ ಬೇರೆ. ಮೊದಲನೆಯದಕ್ಕೆ ಉತ್ತರವನ್ನು ಉಷ್ಣಗತಿವಿಜ್ಞಾನ ಕೊಡುತ್ತದೆ. ಎರಡನೆಯದು ರಾಸಾಯನಿಕ ಚಲನವಿಜ್ಞಾನಕ್ಕೆ ಸೇರಿದ್ದು, ಮತ್ತು ಅದರ ಉತ್ತರ ಅಳತೆಯಿಂದಲ್ಲದೆ ಅನ್ಯಮಾರ್ಗದಿಂದ ದೊರೆಯುವುದು ವಿರಳ.

ಕ್ರಿಯಾವೇಗವನ್ನು ನಿಯಂತ್ರಿಸುವ ಮುಖ್ಯಾಂಶಗಳು ಇವು: ಪ್ರತಿವರ್ತಕಗಳ ಸ್ವಭಾವ, ಅವುಗಳ ಸಾರತೆ, ಅನಿಲಗಳಾದರೆ ಒತ್ತಡ, ಉಷ್ಣತೆ, ಘನಪದಾರ್ಥಗಳ ಮೇಲ್ಮೈ ವಿಸ್ತಾರ, ವೇಗವರ್ಧಕದ ಸಾನ್ನಿಧ್ಯ, ಕೆಲವೆಡೆ ಬೆಳಕು ಮತ್ತು ದ್ರಾವಕ. ಇವುಗಳಲ್ಲಿ ಮುಖ್ಯವಾದ ಕೆಲವನ್ನು ವಿಜ್ಞಾನಿಗಳು ಅರಿತದ್ದು ಒಂದೇ ಒಂದು ಸಾಮಾನ್ಯ ಕ್ರಿಯೆಯ ಬೆನ್ನು ಹತ್ತಿ ಎಂಬುದು ಈ ಶಾಸ್ತ್ರದ ಇತಿಹಾಸದ ಒಂದು ವೈಶಿಷ್ಟ್ಯ. ಆ ಕ್ರಿಯೆ ಕಬ್ಬಿನ ಸಕ್ಕರೆಯ ವಿಲೋಮನ.

ಮೊದಲ ಅಳತೆ

ಕಬ್ಬಿನ ಸಕ್ಕರೆಯ, ಎಂದರೆ ಸುಕ್ರೋಸಿನ, ದ್ರಾವಣಕ್ಕೆ ಆಮ್ಲವನ್ನು ಬೆರೆಸಿದರೆ ಅದು ನೀರಿನೊಡನೆ ವರ್ತಿಸಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳಾಗಿ ಒಡೆಯುತ್ತದೆ. ಸುಕ್ರೋಸಿನ ದ್ರಾವಣವು ಧ್ರುವೀಕೃತ ಬೆಳಕಿನ ತಲವನ್ನು ಬಲಕ್ಕೆ ತಿರುಗಿಸುವಂಥದು. ಅದರ ವಿಶಿಷ್ಟ ಆವರ್ತನೆ ಸುಮಾರು 66.5 ಅಂಶಗಳು. ಗ್ಲೂಕೋಸ್ ಕೂಡ ಬಲಕ್ಕೇ ತಿರುಗಿಸಿದರೂ, ಫ್ರಕ್ಟೋಸ್ ಅದಕ್ಕಿಂತ ಬಲವಾಗಿ ಎಡಕ್ಕೆ ತಿರುಗಿಸುವುದರಿಂದ, ಕ್ರಿಯೆ ಮುಗಿದಾಗ ದೊರೆಯುವ ಮಿಶ್ರಣವು ಎಡಕ್ಕೆ ಸುಮಾರು 20 ಅಂಶಗಳ ಆವರ್ತನೆಯನ್ನು ತೋರುತ್ತದೆ. ದಿಕ್ಕು ಹೀಗೆ ತಿರುಗುಮುರುಗಾಗುವುದರಿಂದಲೇ ಕ್ರಿಯೆಗೆ ವಿಲೋಮನವೆಂದು ಹೆಸರು. ಧ್ರುವಣಮಾಪಕದ ಮೂಲಕ ನೋಡುತ್ತ ಕುಳಿತವನಿಗೆ, ದ್ರಾವಣದಿಂದ ತೊಟ್ಟನ್ನೂ ಹೊರತೆಗೆಯದೆ, ಅದರ ಸಮಸ್ಥಿತಿಯನ್ನು ಕಲಕದೆ, ಎಷ್ಟು ಸಕ್ಕರೆ ಒಡೆಯಿತು ಎಷ್ಟು ಉಳಿಯಿತು ಎಂಬುದು ನಿಮಿಷ ನಿಮಿಷಕ್ಕೂ ತಿಳಿಯುತ್ತದೆ.

ಈ ಅನುಕೂಲವನ್ನು ಬಳಸಿಕೊಂಡು 1850ರಲ್ಲಿ ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ, ಯಾವುದೇ ಕ್ಷಣದಲ್ಲಿ ಸಕ್ಕರೆ ಒಡೆಯುವ ವೇಗವು ಆ ಕ್ಷಣದಲ್ಲಿ ಉಳಿದಿರುವ ಸಕ್ಕರೆಯ ಪರಿಮಾಣಕ್ಕೆ ಅನುಪಾತದಲ್ಲಿರುತ್ತದೆ ಎಂದು ತೋರಿಸಿ, ಆ ಸಂಬಂಧವನ್ನು ಗಣಿತದ ಸಮೀಕರಣವಾಗಿ ಬರೆದನು. ರಾಸಾಯನಿಕ ಕ್ರಿಯೆಯೊಂದರ ವೇಗಕ್ಕೆ ಗಣಿತದ ರೂಪ ಬಂದದ್ದು ಇದೇ ಮೊದಲು. ಆದರೆ ಅಂದಿನ ರಸಾಯನಜ್ಞರ ಗಮನವೆಲ್ಲ ಹೊಸ ಪದಾರ್ಥಗಳ ತಯಾರಿಕೆಯಲ್ಲಿಯೇ ನೆಟ್ಟಿದ್ದುದರಿಂದ ಆ ಪ್ರಬಂಧ ಮೂವತ್ತು ವರ್ಷಗಳಿಗೂ ಮಿಕ್ಕು ಮರೆಯಲ್ಲಿಯೇ ಉಳಿದು, ವಿಲ್ಹೆಲ್ಮಿ ತೀರಿಕೊಂಡ ಎಷ್ಟೋ ಕಾಲದ ಮೇಲೆ ರಸಾಯನಜ್ಞ ವಿಲ್ಹೆಲ್ಮ್ ಓಸ್ಟ್‌ವಾಲ್ಡ್‌ನ ಕಣ್ಣಿಗೆ ಬಿತ್ತು.

ಅನ್ವೇಷಣೆಯ ಕ್ರಮ

ವೇಗವನ್ನು ಅಳೆಯಲು ಕ್ರಿಯೆಯೊಡನೆ ಬದಲಾಗುವ ಯಾವುದಾದರೊಂದು ಗುಣವನ್ನು ಆಶ್ರಯಿಸಬೇಕು. ಅನಿಲ ಹೊರಡುವ ಕ್ರಿಯೆಗಳಲ್ಲಿ ಅದರ ಘನಗಾತ್ರವನ್ನೋ ಪಾತ್ರೆಯ ತೂಕದ ಇಳಿಕೆಯನ್ನೋ, ಬಣ್ಣ ಕುಂದುವ ಕಡೆ ಬಣ್ಣದ ಸಾಂದ್ರತೆಯನ್ನು, ಅಯಾನುಗಳ ಸಂಖ್ಯೆ ವ್ಯತ್ಯಾಸವಾಗುವೆಡೆ ವಿದ್ಯುದ್ವಾಹಕತೆಯನ್ನು ಅಳೆಯುವುದು ರೂಢಿ. ಆದರೆ ಮಾಪಕಕ್ಕಿಂತಲೂ ಮುಖ್ಯವಾದುದು ಒಂದು ನಿಯಮ: ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಉಳಿದುವೆಲ್ಲವನ್ನೂ ಸ್ಥಿರವಾಗಿರಿಸಬೇಕು.

ಈ ನಿಯಮ ಪಾಲಿಸುವುದು ಹೇಳಿದಷ್ಟು ಸುಲಭವಲ್ಲವೆಂಬುದನ್ನು ಶಾಲೆಗಳಲ್ಲಿ ನಡೆಸುವ ಒಂದು ಪ್ರಯೋಗವೇ ತೋರಿಸಿಕೊಡುತ್ತದೆ. ಸೋಡಿಯಂ ಥಯೋಸಲ್ಫೇಟಿನ ದ್ರಾವಣಕ್ಕೆ ಹೈಡ್ರೊಕ್ಲೋರಿಕ್ ಆಮ್ಲವನ್ನು ಬೆರೆಸಿದರೆ ಗಂಧಕವು ಸೂಕ್ಷ್ಮಕಣಗಳಾಗಿ ಹೊರಬಂದು ದ್ರಾವಣ ಕದಡುತ್ತದೆ. ಪಾತ್ರೆಯ ಕೆಳಗಿಟ್ಟ ಕಾಗದದಲ್ಲಿ ಕತ್ತರಿಗುರುತೊಂದನ್ನು ಹಾಕಿ, ಮೇಲಿನಿಂದ ನೋಡುವವನ ಕಣ್ಣಿಗೆ ಅದು ಮರೆಯಾಗಲು ಹಿಡಿದ ಕಾಲವನ್ನು ಗುರುತಿಸುತ್ತಾರೆ. ಥಯೋಸಲ್ಫೇಟಿನ ಸಾರತೆಯನ್ನು ಅರ್ಧಕ್ಕಿಳಿಸಿದರೆ ಈ ಕಾಲ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಆದರೆ ದ್ರಾವಣವನ್ನು ಕಡಮೆ ಮಾಡಿದಷ್ಟೇ ನೀರನ್ನು ಸೇರಿಸಿ ಒಟ್ಟು ಗಾತ್ರವನ್ನು ಸಮನಾಗಿರಿಸದಿದ್ದರೆ, ಪಾತ್ರೆಯಲ್ಲಿನ ದ್ರವದ ಆಳವೂ ಬದಲಾಗಿ, ಗುರುತು ಮರೆಯಾಗುವುದಕ್ಕೆ ಸಾರತೆ ಕಾರಣವೋ ಆಳ ಕಾರಣವೋ ಎಂದು ಹೇಳಲು ಬಾರದು. ಒಂದೇ ಅಗಲದ ಪಾತ್ರೆ, ಒಂದೇ ಗುರುತು, ಒಬ್ಬನದೇ ಕಣ್ಣು, ಒಂದೇ ಉಷ್ಣತೆ, ಇಷ್ಟೂ ನಿಶ್ಚಲವಾಗಿ ನಿಂತಾಗ ಮಾತ್ರ ಬದಲಾದ ಒಂದು ಅಂಶ ತನ್ನ ನಿಜವನ್ನು ನುಡಿಯುತ್ತದೆ.

ಪ್ರತಿವರ್ತಕಗಳ ಸ್ವಭಾವ

ವೇಗವನ್ನು ನಿರ್ಣಯಿಸುವ ಮೊದಲ ಅಂಶ ಪದಾರ್ಥದ ಜಾತಿಯೇ. ದ್ರಾವಣದಲ್ಲಿ ಮೊದಲೇ ಬಿಡಿಬಿಡಿಯಾಗಿರುವ ಅಯಾನುಗಳು ಕೂಡಿಕೊಳ್ಳಲು ಯಾವ ಬಂಧವನ್ನೂ ಮುರಿಯಬೇಕಾದ್ದಿಲ್ಲವಾದಕಾರಣ ಅವುಗಳ ಕ್ರಿಯೆ ತತ್‌ಕ್ಷಣವೇ ನಡೆದುಹೋಗುತ್ತದೆ. ಕೋವೇಲೆಂಟ್ ಬಂಧಗಳುಳ್ಳ ಅಣುಗಳಲ್ಲಿಯಾದರೋ ಹಳೆಯ ಬಂಧ ಹರಿದು ಹೊಸದು ಕೂಡಬೇಕಾದ್ದರಿಂದ ತಡವಾಗುತ್ತದೆ. ಒಂದೇ ಕುಟುಂಬದ ಲೋಹಗಳಲ್ಲಿಯೂ ಭೇದವುಂಟು: ನೀರಿಗೆ ಹಾಕಿದ ಲಿಥಿಯಂ ಶಾಂತವಾಗಿ ಗುಳ್ಳೆಯೆಬ್ಬಿಸುತ್ತದೆ, ಸೋಡಿಯಂ ಕರಗಿ ಗುಂಡಾಗಿ ನೀರಿನ ಮೇಲೆ ಓಡಾಡುತ್ತದೆ, ಪೊಟ್ಯಾಸಿಯಂ ನೇರಿಳೆ ಜ್ವಾಲೆಯಿಂದ ಹೊತ್ತಿಕೊಳ್ಳುತ್ತದೆ. ಈ ಅಂಶವನ್ನು ಪ್ರಯೋಗಕಾರನು ಬದಲಿಸಲಾರ. ಉಳಿದ ಅಂಶಗಳು ಅವನ ಕೈಯಲ್ಲಿವೆ.

ಸಾರತೆ ಮತ್ತು ಒತ್ತಡ

ನಾರ್ವೆಯ ಕಾಟೊ ಗುಲ್ಡ್‌ಬರ್ಗ್ ಮತ್ತು ಪೀಟರ್ ವಾಗೆ 1864ರಲ್ಲಿ ಮಂಡಿಸಿದ ದ್ರವ್ಯರಾಶಿ ಕ್ರಿಯಾನಿಯಮವು ಕ್ರಿಯೆಯ ಗತಿಯನ್ನು ಪ್ರತಿವರ್ತಕಗಳ ಸಾರತೆಗಳಿಗೆ ಕಟ್ಟಿಹಾಕಿತು. ಇದೇ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ರಸಾಯನಜ್ಞ ವರ್ನನ್ ಹಾರ್ಕೋರ್ಟ್ ಮತ್ತು ಗಣಿತಜ್ಞ ವಿಲಿಯಂ ಎಸ್ಸನ್ ಕೂಡಿ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಮತ್ತು ಆಕ್ಸಾಲಿಕ್ ಆಮ್ಲಗಳ ಕ್ರಿಯೆಯನ್ನೂ, ಹೈಡ್ರೊಜನ್ ಪೆರಾಕ್ಸೈಡು ಅಯೊಡೈಡಿನಿಂದ ಅಯೊಡೀನನ್ನು ಬಿಡಿಸುವ ಕ್ರಿಯೆಯನ್ನೂ ಕೂಲಂಕಷವಾಗಿ ಅಳೆದರು. ಗಂಜಿ ಮತ್ತು ಸ್ವಲ್ಪ ಥಯೋಸಲ್ಫೇಟು ಬೆರೆತ ದ್ರಾವಣದಲ್ಲಿ ಥಯೋಸಲ್ಫೇಟು ಮುಗಿಯುವವರೆಗೂ ಬಣ್ಣವಿಲ್ಲದೆ ಇದ್ದು ಮರುಗಳಿಗೆಯಲ್ಲಿಯೇ ಇಡಿಯ ದ್ರಾವಣ ಕಡುನೀಲಿಯಾಗುವ ಈ ಎರಡನೆಯ ಕ್ರಿಯೆ, 1886ರಲ್ಲಿ ಹಾನ್ಸ್ ಲಾಂಡೋಲ್ಟ್ ಅಯೊಡೇಟ್ ಮತ್ತು ಸಲ್ಫೈಟುಗಳಿಂದ ತೋರಿಸಿದ ಇಂಥದೇ ಮತ್ತೊಂದರಂತೆ, ಇಂದಿಗೂ ‘ಅಯೊಡೀನ್ ಗಡಿಯಾರ’ವೆಂಬ ಹೆಸರಿನಿಂದ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿದೆ.

ಸಾರತೆ ಹೆಚ್ಚಿದಂತೆ ವೇಗ ಹೆಚ್ಚುವುದಕ್ಕೆ ಕಾರಣ ಸುಲಭಗ್ರಾಹ್ಯ. ಅಣುಗಳು ಡಿಕ್ಕಿ ಹೊಡೆಯದೆ ಕ್ರಿಯೆಯಿಲ್ಲ. ಜಾತ್ರೆಯ ದಿನ ತೇರಿನ ಬೀದಿಯಲ್ಲಿ ಹೆಗಲಿಗೆ ಹೆಗಲು ತಾಕುವಂತೆ, ಇಕ್ಕಟ್ಟಾದ ಅವಕಾಶದಲ್ಲಿ ಅಣುಗಳ ಸಂಘಟ್ಟನೆಗಳು ಹೆಚ್ಚುತ್ತವೆ. ಅನಿಲಗಳ ಒತ್ತಡವನ್ನು ಏರಿಸಿದರೂ ಫಲ ಇದೇ, ಏಕೆಂದರೆ ಅಷ್ಟೇ ಅಣುಗಳು ಕಿರಿದಾದ ಸ್ಥಳಕ್ಕೆ ಒತ್ತಲ್ಪಡುತ್ತವೆ. ಆದರೆ ಸಾರತೆಗೂ ವೇಗಕ್ಕೂ ಇರುವ ಸಂಬಂಧವನ್ನು ಕಾಗದದ ಮೇಲಿನ ಸಮೀಕರಣದಿಂದ ಊಹಿಸಲಾಗದು. ಜಲಜನಕವು ಅಯೊಡೀನಿನೊಡನೆ ಸೇರುವ ವೇಗವು ಇವೆರಡರ ಸಾರತೆಗಳ ಗುಣಲಬ್ಧಕ್ಕೆ ಅನುಪಾತವಾಗಿದೆಯೆಂದು ಮಾಕ್ಸ್ ಬೋಡನ್‌ಸ್ಟೈನ್ ಕಂಡುಕೊಂಡನು. ಮೇಲುನೋಟಕ್ಕೆ ಅದರ ಅವಳಿಯಂತಿರುವ ಜಲಜನಕ ಬ್ರೋಮೀನುಗಳ ಕ್ರಿಯೆಯನ್ನು 1907ರಲ್ಲಿ ಅವನೂ ಅವನ ಸಹಸಂಶೋಧಕ ಲಿಂಡನೂ ಪರೀಕ್ಷಿಸಿದಾಗ, ವೇಗವು ಬ್ರೋಮೀನಿನ ಸಾರತೆಯ ವರ್ಗಮೂಲವನ್ನು ಅನುಸರಿಸುವುದೆಂದೂ, ಉಂಟಾದ ಹೈಡ್ರೊಜನ್ ಬ್ರೋಮೈಡೇ ಮುಂದಿನ ಕ್ರಿಯೆಗೆ ಅಡ್ಡಿಯಾಗುವುದೆಂದೂ ತಿಳಿದುಬಂತು. ಒಂದೇ ಹೆಜ್ಜೆಯಲ್ಲಿ ಮುಗಿಯಿತೆಂದು ತೋರುವ ಕ್ರಿಯೆ ಹಲವು ಮೆಟ್ಟಿಲುಗಳನ್ನು ಹತ್ತಿಳಿದು ಬಂದಿರಬಹುದು. ಆ ಮೆಟ್ಟಿಲುಗಳಲ್ಲಿ ಅತ್ಯಂತ ನಿಧಾನವಾದುದೇ ಒಟ್ಟು ವೇಗಕ್ಕೆ ಒಡೆಯ.

ಉಷ್ಣತೆ

ಎಲ್ಲ ಅಂಶಗಳ ಪೈಕಿ ಉಷ್ಣತೆಯ ಪ್ರಭಾವ ಅತ್ಯಂತ ತೀಕ್ಷ್ಣವಾದುದು. ಚಳಿಗಾಲದಲ್ಲಿ ದೋಸೆಯ ಹಿಟ್ಟು ಉಬ್ಬಲು ತಡವಾಗುವುದನ್ನೂ, ಬೇಸಗೆಯಲ್ಲಿ ಕಾಯಿಸದ ಹಾಲು ಬೇಗನೆ ಕೆಡುವುದನ್ನೂ ಕಾಣದ ಮನೆಯಿಲ್ಲ. ಕೊಠಡಿಯ ಉಷ್ಣತೆಯ ಸುತ್ತಮುತ್ತ 10 ಡಿಗ್ರಿ ಏರಿದರೆ ಅನೇಕ ಕ್ರಿಯೆಗಳ ವೇಗ ಎರಡರಿಂದ ನಾಲ್ಕು ಪಟ್ಟಾಗುತ್ತದೆಂಬುದು ಸ್ಥೂಲವಾದ ನಿಯಮ. ಇಲ್ಲಿ ಒಂದು ಸೋಜಿಗವಿದೆ: 25 ಡಿಗ್ರಿಯಿಂದ 35 ಡಿಗ್ರಿಗೆ ಕಾಯಿಸಿದಾಗ ಅನಿಲದ ಅಣುಗಳ ಸರಾಸರಿ ವೇಗ ಹೆಚ್ಚುವುದು ಶೇಕಡ 2ರಷ್ಟೂ ಇಲ್ಲ. ಡಿಕ್ಕಿಗಳ ಸಂಖ್ಯೆಯಲ್ಲಿ ಇಷ್ಟು ಅಲ್ಪವಾದ ವೃದ್ಧಿಯಿಂದ ಕ್ರಿಯಾವೇಗ ಇಮ್ಮಡಿಯಾಗುವುದೆಂತು?

ಈ ಒಗಟನ್ನು ಬಿಡಿಸಿದವನು ಸ್ವೀಡನ್ನಿನ ಸ್ವಾಂಟೆ ಅರ್ಹೀನಿಯಸ್. ಅವನು 1889ರಲ್ಲಿ ಪ್ರಕಟಿಸಿದ ಪ್ರಬಂಧದ ವಸ್ತುವೂ ಆಮ್ಲಗಳಿಂದ ಕಬ್ಬಿನ ಸಕ್ಕರೆಯ ವಿಲೋಮನವೇ. ಡಚ್ ವಿಜ್ಞಾನಿ ವಾನ್‌ಟ್ ಹಾಫ್ 1884ರಲ್ಲಿ ಸೂಚಿಸಿದ ಗಣಿತರೂಪವನ್ನು ಆಧರಿಸಿ ಅವನು ಹೇಳಿದ್ದರ ತಾತ್ಪರ್ಯವಿಷ್ಟು: ಎಲ್ಲ ಅಣುಗಳೂ ವರ್ತಿಸಲು ಸಿದ್ಧವಾಗಿರುವುದಿಲ್ಲ, ಸಾಮಾನ್ಯ ಅಣುಗಳೊಡನೆ ಸಮತೋಲದಲ್ಲಿ ಕೆಲವೇ ಚುರುಕಾದ ಅಣುಗಳಿದ್ದು, ಅವು ಮಾತ್ರ ಕ್ರಿಯೆಗೆ ಇಳಿಯುತ್ತವೆ. ಈ ಚುರುಕನ್ನು ಪಡೆಯಲು ಬೇಕಾದ ಅಧಿಕ ಶಕ್ತಿಗೆ ಪಟುಕರಣಶಕ್ತಿ ಎಂಬ ಹೆಸರು ರೂಢಿಗೆ ಬಂದಿದೆ. ಘಾಟಿಯ ನೆತ್ತಿಯನ್ನು ದಾಟದೆ ಆಚೆಯ ಕಣಿವೆಗೆ ಇಳಿಯಲಾಗದಂತೆ, ಉತ್ಪನ್ನಗಳ ಶಕ್ತಿ ಎಷ್ಟೇ ತಗ್ಗಿನಲ್ಲಿದ್ದರೂ ಅಣುಗಳು ಮೊದಲು ಈ ಏರನ್ನು ಹತ್ತಲೇಬೇಕು. ಉಷ್ಣತೆ ತುಸುವೇ ಏರಿದರೂ ನೆತ್ತಿಯನ್ನು ಮುಟ್ಟಬಲ್ಲ ಅಣುಗಳ ಸಂಖ್ಯೆ ಘಾತೀಯವಾಗಿ ಹೆಚ್ಚುತ್ತದೆ. ಪಟುಕರಣಶಕ್ತಿ ಮೋಲಿಗೆ ಸುಮಾರು 53 ಕಿಲೊಜೌಲ್ ಇರುವ ಕ್ರಿಯೆ 25ರಿಂದ 35 ಡಿಗ್ರಿಗೆ ಏರಿದಾಗ ಇಮ್ಮಡಿ ವೇಗ ಪಡೆಯುತ್ತದೆ. ಸಕ್ಕರೆಯ ವಿಲೋಮನಕ್ಕೆ ಬೇಕಾದ ಶಕ್ತಿ ಇದರ ಎರಡರಷ್ಟಿರುವುದರಿಂದ ಅದರ ವೇಗ ನಾಲ್ಮಡಿಯಾಗುತ್ತದೆ. ಏರು ಕಡಿದಾದಷ್ಟೂ ಉಷ್ಣತೆಯ ಪ್ರಭಾವ ಪ್ರಬಲ.

1916ರಲ್ಲಿ ಜರ್ಮನಿಯ ಮಾಕ್ಸ್ ಟ್ರೌಟ್ಸ್ ಮತ್ತು 1918ರಲ್ಲಿ ಇಂಗ್ಲೆಂಡಿನ ವಿಲಿಯಂ ಲೂಯಿಸ್ ಬೇರೆಬೇರೆಯಾಗಿ ಸಂಘಟ್ಟನ ಸಿದ್ಧಾಂತವನ್ನು ರೂಪಿಸಿದರು. ಅದರಂತೆ ಸಂಘಟ್ಟನೆ ಫಲಿಸಬೇಕಾದರೆ ಸಾಕಷ್ಟು ಶಕ್ತಿಯಿರಬೇಕು. ಅಣುಗಳು ತಕ್ಕ ಮೊಗದಿಂದ ಎದುರಾಗಲೂಬೇಕು. ಉಷ್ಣತೆ ಏರಿದರೆ ವೇಗ ಹೆಚ್ಚುವುದೆಂಬುದಕ್ಕೆ ಅಪವಾದಗಳಂತೆ ತೋರುವ ಕ್ರಿಯೆಗಳೂ ಇವೆ. ನೈಟ್ರಿಕ್ ಆಕ್ಸೈಡು ಆಮ್ಲಜನಕದೊಡನೆ ಸೇರುವ ವೇಗ ಕಾಯಿಸಿದಂತೆ ಕಡಮೆಯಾಗುತ್ತದೆ. ಜೀವಿಗಳ ಕಿಣ್ವಗಳು ಒಂದು ಮಿತಿಯಾಚೆ ಶಾಖಕ್ಕೆ ತಮ್ಮ ರೂಪವನ್ನೇ ಕಳೆದುಕೊಂಡು ನಿಷ್ಕ್ರಿಯವಾಗುತ್ತವೆ.

ಮೇಲ್ಮೈ ವಿಸ್ತಾರ

ಘನಪದಾರ್ಥವು ದ್ರವದೊಡನೆ ಅಥವಾ ಅನಿಲದೊಡನೆ ವರ್ತಿಸುವಾಗ ಕ್ರಿಯೆ ನಡೆಯುವುದು ಅದರ ಮೇಲ್ಮೈಯಲ್ಲಿ ಮಾತ್ರ. ಒಂದು ಸೆಂಟಿಮೀಟರ್ ಅಂಚಿನ ಘನವೊಂದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನು ಒಂದು ಮಿಲಿಮೀಟರ್ ಅಂಚಿನ ಸಾವಿರ ತುಂಡುಗಳಾಗಿಸಿದರೆ 60. ಒಂದು ಮೈಕ್ರಾನಿನ ಕಣಗಳಾಗುವಂತೆ ನುಣ್ಣಗೆ ಅರೆದರೆ 60,000 ಚದರ ಸೆಂಟಿಮೀಟರ್, ಎಂದರೆ ಆರು ಚದರ ಮೀಟರ್. ಆದುದರಿಂದಲೇ ಆಮ್ಲಕ್ಕೆ ಹಾಕಿದ ಅಮೃತಶಿಲೆಯ ತುಂಡು ನಿಧಾನವಾಗಿ ಗುಳ್ಳೆಯೆಬ್ಬಿಸಿದರೆ ಅಷ್ಟೇ ತೂಕದ ಪುಡಿ ನೊರೆನೊರೆಯಾಗಿ ಉಕ್ಕುತ್ತದೆ. ಕೊರಡು ಹೊಗೆಯಾಡುವ ಒಲೆಯಲ್ಲಿ ಸಿಬಿರು ಧಗ್ಗನೆ ಉರಿಯುತ್ತದೆ. ತಿನ್ನುವ ಹಿಟ್ಟೇ ಗಾಳಿಯಲ್ಲಿ ಧೂಳಾಗಿ ಹರಡಿದಾಗ ಮದ್ದಿನಂತೆ ಸಿಡಿಯಬಲ್ಲುದು: 1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್ ನಗರದ ವಾಷ್‌ಬರ್ನ್ ಹಿಟ್ಟಿನ ಗಿರಣಿಯಲ್ಲಿ ಹಿಟ್ಟಿನ ಧೂಳು ಸ್ಫೋಟಿಸಿ 18 ಮಂದಿ ಕೆಲಸಗಾರರು ಮಡಿದರು. ಕೋಲಾರದ ಗಣಿಗಳಲ್ಲಿ ಚಿನ್ನದ ಅದಿರನ್ನು ಸಯನೈಡ್ ದ್ರಾವಣಕ್ಕೆ ಒಡ್ಡುವ ಮುನ್ನ ನುಣ್ಣಗೆ ಕುಟ್ಟಿ ಅರೆಯುತ್ತಿದ್ದುದಕ್ಕೂ, ಕಲ್ಲಿನೊಳಗೆ ಹುದುಗಿದ ಚಿನ್ನದ ಕಣದ ಮೈ ದ್ರಾವಣಕ್ಕೆ ತೆರೆದುಕೊಳ್ಳಲೆಂಬುದೇ ಕಾರಣ.

ವೇಗವರ್ಧಕಗಳು

ಕ್ರಿಯೆಯ ವೇಗವನ್ನು ಬದಲಿಸಿ ಕೊನೆಯಲ್ಲಿ ತಾನು ವ್ಯಯವಾಗದೆ ಉಳಿಯುವ ಪದಾರ್ಥಕ್ಕೆ ವೇಗವರ್ಧಕವೆಂದು ಹೆಸರು. ಈ ವಿದ್ಯಮಾನಕ್ಕೆ ಮೊದಲು ನಾಮಕರಣ ಮಾಡಿದವನು 1835ರಲ್ಲಿ ಸ್ವೀಡನ್ನಿನ ಬರ್ಜೇಲಿಯಸ್. ಅದಕ್ಕೂ ಮುಂಚೆ, 1823ರಲ್ಲಿ, ರಸಾಯನಜ್ಞ ಡ್ಯೋಬರೈನರ್ ಪ್ಲಾಟಿನಂ ಪುಡಿಯ ಮೇಲೆ ಹಾಯಿಸಿದ ಜಲಜನಕ ಗಾಳಿಯಲ್ಲಿ ತಾನಾಗಿಯೇ ಹೊತ್ತಿಕೊಳ್ಳುವುದನ್ನು ತೋರಿಸಿದ್ದನು. ವೇಗವರ್ಧಕವು ಕ್ರಿಯೆಯ ವೇಗವನ್ನಲ್ಲದೆ ಅದರ ಅಂತಿಮ ಸಮತೋಲವನ್ನು ಬದಲಿಸಲಾರದೆಂಬ ಅರಿವನ್ನು ಸ್ಥಿರಪಡಿಸಿದವನು ಓಸ್ಟ್‌ವಾಲ್ಡ್; ವೇಗವರ್ಧನೆ ಮುಂತಾದವುಗಳ ಸಂಶೋಧನೆಗಾಗಿ 1909ರ ನೊಬೆಲ್ ಪಾರಿತೋಷಕ ಅವನಿಗೆ ಸಂದಿತು. ವೇಗವರ್ಧಕ ಘಾಟಿಯನ್ನು ಅಗೆದು ತಗ್ಗಿಸುವುದಿಲ್ಲ. ತಗ್ಗಾದ ಬೇರೊಂದು ಕಣಿವೆಯ ದಾರಿಯನ್ನು ತೋರಿಸುತ್ತದೆ. ಸಕ್ಕರೆಯ ವಿಲೋಮನದಲ್ಲಿ ಆಮ್ಲ ಈ ಕೆಲಸವನ್ನು ಮಾಡುವುದು. ಯೀಸ್ಟಿನಲ್ಲಿರುವ ಇನ್ವರ್ಟೇಸ್ ಎಂಬ ಕಿಣ್ವವಾದರೋ ಆಮ್ಲದ ದಾರಿಗೆ ಬೇಕಾದ ಶಕ್ತಿಯ ಅರ್ಧಕ್ಕಿಂತಲೂ ಕಡಮೆಯಲ್ಲಿ ಅದನ್ನೇ ಸಾಧಿಸುತ್ತದೆ. 1913ರಲ್ಲಿ ಬರ್ಲಿನ್ನಿನಲ್ಲಿ ಲಿಯೊನೋರ್ ಮೈಕೇಲಿಸ್ ಮತ್ತು ಮಾಡ್ ಮೆಂಟೆನ್ ಕಿಣ್ವಕ್ರಿಯೆಯ ಸುಪ್ರಸಿದ್ಧ ವೇಗನಿಯಮವನ್ನು ನಿರೂಪಿಸಿದ್ದೂ ಈ ಕಿಣ್ವದ ಮೇಲೆಯೇ: ಸಕ್ಕರೆಯ ಸಾರತೆ ಹೆಚ್ಚಿದಂತೆ ವೇಗ ಏರುತ್ತ ಹೋಗಿ, ಕಿಣ್ವದ ಸ್ಥಾನಗಳೆಲ್ಲ ಭರ್ತಿಯಾದ ಬಳಿಕ ಏರದೆ ನಿಲ್ಲುತ್ತದೆ.

ಕೆಲವು ಕ್ರಿಯೆಗಳಲ್ಲಿ ಉತ್ಪನ್ನವೇ ವೇಗವರ್ಧಕವಾಗುವುದೂ ಉಂಟು. ಪರ್ಮ್ಯಾಂಗನೇಟಿನ ಮೊದಲ ಹನಿಗಳ ಬಣ್ಣ ಆಕ್ಸಾಲಿಕ್ ಆಮ್ಲದಲ್ಲಿ ಬಹಳ ಹೊತ್ತು ನಿಂತು, ಆಮೇಲಿನ ಹನಿಗಳ ಬಣ್ಣ ಬಿದ್ದೊಡನೆ ಮಾಯವಾಗುವುದಕ್ಕೆ, ನಡುವೆ ಹುಟ್ಟಿದ ಮ್ಯಾಂಗನೀಸ್ ಅಯಾನುಗಳೇ ಕಾರಣ. ಇದಕ್ಕೆ ಪ್ರತಿಯಾಗಿ ವೇಗವರ್ಧಕದ ಮೈಗೆ ಅಂಟಿಕೊಂಡು ಅದನ್ನು ಕೊಲ್ಲುವ ವಿಷಗಳೂ ಇವೆ. ಗಂಧಕಾಮ್ಲದ ತಯಾರಿಕೆಯಲ್ಲಿ ಹಿಂದೆ ಬಳಸುತ್ತಿದ್ದ ಪ್ಲಾಟಿನಮ್ಮಿಗೆ ಆರ್ಸೆನಿಕ್ ಅಂಥ ವಿಷವಾಗಿತ್ತು.

ಬೆಳಕು ಮತ್ತು ದ್ರಾವಕ

ಜಲಜನಕ ಕ್ಲೋರೀನುಗಳ ಮಿಶ್ರಣ ಕತ್ತಲೆಯಲ್ಲಿ ತೆಪ್ಪಗಿದ್ದು ಬಿಸಿಲಿಗೆ ಒಡ್ಡಿದಾಗ ಸಿಡಿಯುತ್ತದೆ. ಹೀರಲ್ಪಟ್ಟ ಬೆಳಕಿನ ಒಂದೊಂದು ಕ್ವಾಂಟಮಿಗೂ ಲಕ್ಷಗಟ್ಟಲೆ ಅಣುಗಳು ವರ್ತಿಸುವುದನ್ನು ಬೋಡನ್‌ಸ್ಟೈನ್ ಕಂಡು, ಒಂದು ಕ್ರಿಯೆ ಮತ್ತೊಂದನ್ನು ಕೆರಳಿಸುವ ಸರಪಣಿ ಕ್ರಿಯೆಯ ಕಲ್ಪನೆಯನ್ನು 1913ರಲ್ಲಿ ಮುಂದಿಟ್ಟನು. ಇಂಥ ಕ್ರಿಯೆಗಳ ವಿವರಣೆಗಾಗಿ ಸೆಮೆನೊವ್ ಮತ್ತು ಹಿನ್‌ಶೆಲ್‌ವುಡ್ ಇವರಿಗೆ 1956ರ ನೊಬೆಲ್ ಪಾರಿತೋಷಕ ದೊರೆಯಿತು. ದ್ರಾವಕದ ಆಯ್ಕೆಯೂ ಉಪೇಕ್ಷಣೀಯವಲ್ಲ: ಒಂದೇ ಕ್ರಿಯೆಯ ವೇಗ ದ್ರಾವಕದಿಂದ ದ್ರಾವಕಕ್ಕೆ ನೂರಾರು ಪಟ್ಟು ವ್ಯತ್ಯಾಸವಾಗುವುದನ್ನು ರಷ್ಯದ ನಿಕೊಲಾಯ್ ಮೆನ್‌ಶುಟ್ಕಿನ್ 1890ರಲ್ಲಿ ತೋರಿಸಿದನು. ಕಣ್ಣಿಗೂ ಗಡಿಯಾರಕ್ಕೂ ಸಿಗದಷ್ಟು ಶೀಘ್ರವಾದ ಕ್ರಿಯೆಗಳನ್ನು ಅಳೆದ ಐಗೆನ್, ನಾರಿಷ್ ಮತ್ತು ಪೋರ್ಟರ್ 1967ರಲ್ಲಿಯೂ, ಸೆಕೆಂಡನ್ನು ಹತ್ತು ಕೋಟಿ ಕೋಟಿ ಭಾಗ ಮಾಡಿದಾಗ ಬರುವ ಫೆಮ್ಟೊಸೆಕೆಂಡಿನ ಲೆಕ್ಕದಲ್ಲಿ ಬಂಧಗಳು ಹರಿಯುವುದನ್ನು ಹಿಂಬಾಲಿಸಿದ ಅಹ್ಮದ್ ಜೆವೈಲ್ 1999ರಲ್ಲಿಯೂ ಅದೇ ಪಾರಿತೋಷಕಕ್ಕೆ ಪಾತ್ರರಾದರು.

ಅನ್ವಯ

ಕೈಗಾರಿಕೆಯಲ್ಲಿ ಈ ಅಂಶಗಳನ್ನು ಒಂದರೊಡನೊಂದು ತೂಗಿನೋಡಬೇಕಾಗುತ್ತದೆ. ಸಾರಜನಕ ಜಲಜನಕಗಳು ಕೂಡಿ ಅಮೋನಿಯ ಆಗುವಾಗ ಶಾಖ ಹೊರಬೀಳುವುದರಿಂದ ತಗ್ಗಿನ ಉಷ್ಣತೆಯಲ್ಲಿ ಉತ್ಪನ್ನದ ಪಾಲು ಹೆಚ್ಚು, ಆದರೆ ವೇಗ ನಗಣ್ಯ; ಉಷ್ಣತೆಯನ್ನು ಏರಿಸಿದರೆ ವೇಗ ಹೆಚ್ಚು, ಆದರೆ ಪಾಲು ಕಡಮೆ. ಫ್ರಿಟ್ಸ್ ಹಾಬರ್ ತೋರಿದ ದಾರಿಯಲ್ಲಿ 1913ರಲ್ಲಿ ಜರ್ಮನಿಯ ಓಪ್ಪೌ ಎಂಬಲ್ಲಿ ಆರಂಭವಾದ ಕಾರ್ಖಾನೆ ಹಿಡಿದದ್ದು ಮಧ್ಯಮಮಾರ್ಗವನ್ನು: ಸುಮಾರು 500 ಡಿಗ್ರಿ ಉಷ್ಣತೆ, ವಾತಾವರಣದ ಇನ್ನೂರು ಪಟ್ಟಿನಷ್ಟು ಒತ್ತಡ, ಮತ್ತು ಕಬ್ಬಿಣದ ವೇಗವರ್ಧಕ.

ವೇಗವನ್ನು ಹೆಚ್ಚಿಸುವುದಕ್ಕಿಂತ ತಡೆಯುವುದೇ ಲಾಭವಾಗುವ ಸಂದರ್ಭಗಳೂ ಅನೇಕ, ಮತ್ತು ವಿಲ್ಹೆಲ್ಮಿ ಅಳೆದ ಕ್ರಿಯೆಯೇ ಅಂಥವುಗಳಲ್ಲೊಂದು. ಕಬ್ಬಿನ ರಸ ಸ್ವಭಾವತಃ ತುಸು ಆಮ್ಲೀಯ, ಕಡಿದ ಜಲ್ಲೆಯಲ್ಲಿ ಕಿಣ್ವವೂ ಇರುವುದು, ಮೇಲೆ ಬಿಸಿಲು. ಸಾರತೆ, ಉಷ್ಣತೆ, ವೇಗವರ್ಧಕ ಮೂರೂ ಕೂಡಿ ಸುಕ್ರೋಸನ್ನು ಒಡೆಯತೊಡಗಿದರೆ ಅಷ್ಟು ಸಕ್ಕರೆ ಹರಳುಗಟ್ಟದೆ ಕಾಕಂಬಿಯ ಪಾಲಾಗುತ್ತದೆ, ಬೆಲ್ಲದ ಪಾಕವೂ ಅಚ್ಚಿನಲ್ಲಿ ಗಟ್ಟಿಯಾಗದು. 1933ರಲ್ಲಿ ಮಂಡ್ಯದಲ್ಲಿ ಸ್ಥಾಪಿತವಾದ ಸಕ್ಕರೆ ಕಾರ್ಖಾನೆಯಂಥ ದೊಡ್ಡ ಗಿರಣಿಗೂ, ಹಳ್ಳಿಯ ಆಲೆಮನೆಗೂ ಪರಿಹಾರ ಒಂದೇ: ಕಡಿದ ಕಬ್ಬನ್ನು ತಡಮಾಡದೆ ಅರೆಯುವುದು, ಮತ್ತು ಹಿಂಡಿದ ರಸಕ್ಕೆ ಸುಣ್ಣದ ತಿಳಿಯನ್ನು ಬೆರೆಸಿ ಆಮ್ಲವನ್ನು ಮುರಿಯುವುದು.